ಲೆಕ್ಕ ಕೇಳುವುದು ಅಪನಂಬಿಕೆಯಲ್ಲ

ಅನಾಥರ ಸೊತ್ತನ್ನು ನೋಡಿಕೊಳ್ಳುವ ಪೋಷಕನ ಕುರಿತು ಸೂರಃ ಅನ್ನಿಸಾದ ಆರನೆಯ ಸೂಕ್ತದಲ್ಲಿ ಮೂರು ಆದೇಶಗಳಿವೆ. ಪೋಷಕನು ಅನುಕೂಲಸ್ಥನಾಗಿದ್ದರೆ ಆ ಸೊತ್ತಿನಿಂದ ದೂರವಿರಬೇಕು. ಬಡವನಾಗಿದ್ದರೆ ವಾಡಿಕೆಯಂತೆ ನ್ಯಾಯವಾದಷ್ಟನ್ನು ಮಾತ್ರ ಬಳಸಬಹುದು. ಅನಾಥನು ಪ್ರಾಯಕ್ಕೆ ಬಂದ ಮೇಲೆ ಸೊತ್ತನ್ನು ಅವನ ವಶಕ್ಕೆ ಕೊಡುವಾಗ ಸಾಕ್ಷಿಗಳನ್ನು ಇಟ್ಟುಕೊಳ್ಳಬೇಕು. ಮೊದಲಿನೆರಡು ಆದೇಶಗಳನ್ನು ನಾವು ಪ್ರವಚನಗಳಲ್ಲಿ ಆಗಾಗ ಕೇಳುತ್ತೇವೆ. ಮೂರನೆಯದರ ಬಳಿ ನಿಂತು ಯೋಚಿಸುವವರು ಕಡಿಮೆ.

ಆ ಪೋಷಕನು ಕಳ್ಳನೆಂದು ಕುರ್‌ಆನ್ ಹೇಳಿಲ್ಲ. ಅವನು ಮಗುವಿನ ಚಿಕ್ಕಪ್ಪನೋ ಸೋದರಮಾವನೋ ಆಗಿರಬಹುದು. ಹತ್ತು ಹನ್ನೆರಡು ವರ್ಷ ತನ್ನ ಮಕ್ಕಳ ಜೊತೆಗೆ ಅದನ್ನೂ ಸಾಕಿ ಬೆಳೆಸಿರಬಹುದು. ಆದರೂ ಸಾಕ್ಷಿ ಬೇಕು. ಸೂಕ್ತದ ಕೊನೆಯಲ್ಲಿ, ಲೆಕ್ಕ ನೋಡಲು ಅಲ್ಲಾಹನೇ ಸಾಕು ಎಂಬ ಮಾತೂ ಬರುತ್ತದೆ. ಅಲ್ಲಾಹನ ಮುಂದೆ ಲೆಕ್ಕವಿದೆ ಎಂಬ ಕಾರಣಕ್ಕೆ ಮನುಷ್ಯರ ಮುಂದಿನ ಲೆಕ್ಕ ತಪ್ಪಲಿಲ್ಲ. ಎರಡೂ ಒಂದೇ ಸೂಕ್ತದಲ್ಲಿ ಒಂದರ ಪಕ್ಕದಲ್ಲೊಂದು ಇವೆ.

ಈಗ ನಮ್ಮ ಊರುಗಳ ಕಡೆಗೆ ನೋಡೋಣ. ಕೆಂಭಾವಿ, ಹುಣಸಗಿ, ಸುರಪುರ, ಶಹಾಪುರ, ಎಲ್ಲಿ ಹೋದರೂ ಜಮಾಅತಿನ ಕೆಲಸಕ್ಕೆ ಒಂದಲ್ಲ ಒಂದು ಕಮಿಟಿ ಇದ್ದೇ ಇರುತ್ತದೆ. ಮಸೀದಿಯ ಕಮಿಟಿ, ಮದ್ರಸಾದ ಕಮಿಟಿ, ಬೈತುಲ್‌ಮಾಲ್, ಬಡ ಹೆಣ್ಣುಮಕ್ಕಳ ಮದುವೆಗೆ ನೆರವಾಗುವ ಯುವಕರ ಸಂಘ, ಬಕ್ರೀದಿನಲ್ಲಿ ಚರ್ಮ ಸಂಗ್ರಹಿಸುವ ತಂಡ. ಇವುಗಳಲ್ಲಿ ದುಡಿಯುವವರು ಬಹುಪಾಲು ಒಳ್ಳೆಯವರೇ. ಸಂಬಳವಿಲ್ಲದೆ, ತಮ್ಮ ಅಂಗಡಿ, ಹೊಲ ಬಿಟ್ಟು ಓಡಾಡುವವರು. ಆದರೆ ಯಾರಾದರೂ ಕಳೆದ ರಮಝಾನಿನ ಜಮಾ-ಖರ್ಚು ಕೇಳಿದರೆ ಸಾಕು, "ಯಾಕ್ರೀ, ನಮ್ಮ ಮ್ಯಾಲ ನಂಬಿಕಿ ಇಲ್ಲೇನು?" ಎಂಬ ಮಾತು ಬರುತ್ತದೆ. ಕೇಳಿದವನು ನಾಚಿ ತಲೆ ತಗ್ಗಿಸುತ್ತಾನೆ. ಮುಂದಿನ ಸಲ ಅವನು ಕೇಳುವುದಿಲ್ಲ, ಚಂದಾ ಕೊಡುವುದನ್ನೂ ಮೆಲ್ಲಗೆ ಕಡಿಮೆ ಮಾಡುತ್ತಾನೆ. ನಂಬಿಕೆಯ ಹೆಸರಿನಲ್ಲಿ ನಂಬಿಕೆ ಸಾಯುವುದು ಹೀಗೆ.

ಹಝ್ರತ್ ಉಮರ್(ರ) ಅವರು ಸಾರ್ವಜನಿಕ ಭಂಡಾರದ ವಿಷಯದಲ್ಲಿ ತಮ್ಮನ್ನು ಇದೇ ಅನಾಥನ ಪೋಷಕನ ಜಾಗದಲ್ಲಿಟ್ಟು ನೋಡಿದರು. ಅನುಕೂಲವಿದ್ದರೆ ಮುಟ್ಟುವುದಿಲ್ಲ, ಅಗತ್ಯ ಬಿದ್ದರೆ ವಾಡಿಕೆಯಷ್ಟು ಮಾತ್ರ ಪಡೆಯುತ್ತೇನೆ ಎಂಬುದು ಅವರ ನಿಲುವಾಗಿತ್ತು. ಖಲೀಫರು ಮಾಡಿದ ಈ ಹೋಲಿಕೆಯನ್ನು ನಮ್ಮ ಖಜಾಂಚಿಗಳೂ ಒಪ್ಪಿಕೊಳ್ಳಬೇಕಾಗುತ್ತದೆ. ಝಕಾತಿನ ಹಣ ಕೊಟ್ಟವನದ್ದೂ ಅಲ್ಲ, ಇಟ್ಟುಕೊಂಡವನದ್ದೂ ಅಲ್ಲ. ಅದು ಬಾಗಿಲಿಗೆ ಬಂದು ಕೇಳಲಾರದ ಬಡವನ ಹಕ್ಕು.

ಪ್ರವಾದಿ(ಸ) ಅವರ ಕಾಲದ ಒಂದು ಘಟನೆ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಅಝ್ದ್ ಗೋತ್ರದ ಇಬ್ನುಲ್ ಲುತ್ಬಿಯ್ಯಾ ಎಂಬವರನ್ನು ಬನೂ ಸುಲೈಮ್ ಗೋತ್ರದ ಝಕಾತ್ ಸಂಗ್ರಹಕ್ಕೆ ಕಳುಹಿಸಲಾಗಿತ್ತು. ಮರಳಿ ಬಂದ ಅವರು ಸಂಗ್ರಹವನ್ನು ಎರಡು ಭಾಗ ಮಾಡಿ, ಇದು ನಿಮ್ಮದು, ಇದು ನನಗೆ ಉಡುಗೊರೆಯಾಗಿ ಬಂದದ್ದು ಎಂದರು. ಅವರು ಏನನ್ನೂ ಮುಚ್ಚಿಡಲಿಲ್ಲ ಎಂಬುದನ್ನು ಗಮನಿಸಬೇಕು. ಎಲ್ಲರ ಮುಂದೆ ತೆರೆದಿಟ್ಟೇ ಹೇಳಿದರು. ಆದರೂ ಪ್ರವಾದಿ(ಸ) ಅವರು ಮಿಂಬರನ್ನೇರಿ, ಆ ಮನುಷ್ಯ ತನ್ನ ತಂದೆಯ ಅಥವಾ ತಾಯಿಯ ಮನೆಯಲ್ಲೇ ಕುಳಿತಿದ್ದರೆ ಆ ಉಡುಗೊರೆ ಬರುತ್ತಿತ್ತೇ ನೋಡಲಿ ಎಂಬರ್ಥದಲ್ಲಿ ಕಟುವಾಗಿ ಮಾತಾಡಿದರು. ಹಾಗೆ ಪಡೆದ ಒಂಟೆ, ಹಸು, ಕುರಿ ಪ್ರಳಯದಿನ ಕೂಗುತ್ತಾ ಕೊರಳ ಮೇಲೇರಿ ಬರುವುದೆಂದು ಎಚ್ಚರಿಸಿದರು.

ಈ ಹದೀಸ್ ಒಂದು ಅಳತೆಗೋಲನ್ನು ಕೊಟ್ಟಿದೆ. ಪದವಿ ಇಲ್ಲದಿದ್ದರೂ ಇದು ನನಗೆ ಸಿಗುತ್ತಿತ್ತೇ? ಮಸೀದಿಗೆ ಸಿಮೆಂಟು ಮಾರುವ ಅಂಗಡಿಯವನು ಅಧ್ಯಕ್ಷರ ಮನೆಗೂ ಹತ್ತು ಚೀಲವನ್ನು ಕಡಿಮೆ ದರದಲ್ಲಿ ಕಳುಹಿಸಿದರೆ ಅದು ಯಾವುದಕ್ಕೆ ಬಂತು? ಹೊಲಿಗೆ ಯಂತ್ರ ಹಂಚುವಾಗ ಮೊದಲ ಯಂತ್ರ ಕಾರ್ಯದರ್ಶಿಯ ನಾದಿನಿಗೆ ಹೋದರೆ? ಆಕೆ ನಿಜಕ್ಕೂ ಬಡವಿಯಾಗಿರಬಹುದು, ಅವಳ ಹಕ್ಕನ್ನು ಕಿತ್ತುಕೊಳ್ಳಲೂ ಬಾರದು. ಆದರೆ ಆ ತೀರ್ಮಾನದ ಹೊತ್ತಿಗೆ ಕಾರ್ಯದರ್ಶಿ ಎದ್ದು ಹೊರಗೆ ಹೋಗಲಿ, ಉಳಿದವರು ನಿರ್ಧರಿಸಲಿ, ಸಭೆಯ ಪುಸ್ತಕದಲ್ಲಿ ಆ ಮಾತು ದಾಖಲಾಗಲಿ. ಇಷ್ಟು ಮಾಡಿದರೆ ಆಕೆಗೂ ಮರ್ಯಾದೆ, ಆತನಿಗೂ ಮರ್ಯಾದೆ. ಉಡುಗೊರೆ ಹಣವೇ ಆಗಬೇಕೆಂದಿಲ್ಲ. ಒಂದು ಚೀಲ ಅಕ್ಕಿ ಕೊಟ್ಟು, ಪಡೆದ ವಿಧವೆಯನ್ನು ಪಕ್ಕದಲ್ಲಿ ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುವುದೂ ಪದವಿಯಿಂದ ಪಡೆದ ಗಳಿಕೆಯೇ. ಕೊಟ್ಟದ್ದನ್ನು ಎತ್ತಾಡಿ ನೋಯಿಸಿದರೆ ದಾನ ವ್ಯರ್ಥವಾಗುತ್ತದೆಂದು ಸೂರಃ ಅಲ್ ಬಕರಃ ಹೇಳಿದೆ. ಇಲ್ಲಂತೂ ಕೊಟ್ಟದ್ದು ಅವರ ಸ್ವಂತದ್ದೂ ಅಲ್ಲ.

ಸೇವೆ ಎಂದರೆ ಕೈಯಿಂದ ಖರ್ಚು ಹಾಕಿಕೊಂಡೇ ಮಾಡಬೇಕೆಂಬ ಭಾವನೆಯೂ ನಮ್ಮಲ್ಲಿದೆ. ಇದು ಕೇಳಲು ಚೆಂದ, ಫಲ ಮಾತ್ರ ಕೆಟ್ಟದ್ದು. ಕಚೇರಿ ಕೆಲಸಕ್ಕೆ ನಾಲ್ಕು ಸಲ ಯಾದಗಿರಿಗೆ ಹೋಗಿ ಬಂದ ಬಡ ಯುವಕ ಬಸ್ಸಿನ ಚಾರ್ಜು ಕೇಳಲು ನಾಚುತ್ತಾನೆ. ಐದನೆಯ ಸಲ ಹೇಳದೆ ಸಂಗ್ರಹದಿಂದಲೇ ತೆಗೆದುಕೊಳ್ಳುತ್ತಾನೆ. ಕೇಳಿ ಪಡೆದಿದ್ದರೆ ಅದು ಹಲಾಲ್ ಆಗುತ್ತಿತ್ತು. ಝಕಾತಿಗೆ ಅರ್ಹರಾದ ಎಂಟು ವರ್ಗಗಳಲ್ಲಿ ಅದರ ಕೆಲಸಗಾರರನ್ನೂ ಅಲ್ಲಾಹನೇ ಸೇರಿಸಿದ್ದಾನೆ. ಹಝ್ರತ್ ಅಬೂಬಕರ್(ರ) ಖಲೀಫರಾದಾಗ ಅವರ ಕುಟುಂಬಕ್ಕೆ ಭಂಡಾರದಿಂದ ಜೀವನಾಂಶ ಗೊತ್ತುಮಾಡಲಾಯಿತು, ಏಕೆಂದರೆ ಅವರು ತಮ್ಮ ವ್ಯಾಪಾರವನ್ನು ಬಿಟ್ಟಿದ್ದರು. ಗೊತ್ತುಮಾಡಿ ಬಹಿರಂಗವಾಗಿ ಪಡೆದದ್ದಕ್ಕೂ ತಾನಾಗಿ ತೆಗೆದುಕೊಂಡದ್ದಕ್ಕೂ ಇರುವ ಅಂತರ ದೊಡ್ಡದು. ನೇಮಕಗೊಂಡವನು ಒಂದು ಸೂಜಿಯನ್ನು ಬಚ್ಚಿಟ್ಟರೂ ಅದು ದ್ರೋಹವೇ ಎಂದು ಪ್ರವಾದಿ(ಸ) ಹೇಳಿದಾಗ, ಅನ್ಸಾರಿಗಳಲ್ಲೊಬ್ಬರು ಎದ್ದು ನಿಂತು, ತಮಗೆ ವಹಿಸಿದ ಕೆಲಸವನ್ನು ಹಿಂದಕ್ಕೆ ಪಡೆಯುವಂತೆ ಕೇಳಿಕೊಂಡರು ಎಂಬ ವರದಿ ಮುಸ್ಲಿಮ್‌ನಲ್ಲಿದೆ.

ಇನ್ನು ವಕ್ಫ್. ನಮ್ಮ ಭಾಗದಲ್ಲಿ ಇದು ಸಣ್ಣ ವಿಷಯವಲ್ಲ. ಬಿಜಾಪುರದ ಮೊದಲ ಆದಿಲ್‌ಶಾಹಿ ಅರಸ ಯೂಸುಫನ ಗೋರಿ ಇರುವುದು ಶಹಾಪುರ ತಾಲೂಕಿನ ಗೋಗಿಯಲ್ಲಿ, ಚಂದಾ ಹುಸೈನಿ ದರ್ಗಾದ ಆವರಣದಲ್ಲಿ. ಅಷ್ಟು ಹಿಂದಿನಿಂದಲೂ ಮಸೀದಿ, ದರ್ಗಾ, ಖಬರಸ್ತಾನ್‌ಗಳು ಈ ನೆಲದಲ್ಲಿವೆ. ನಿಜಾಮರ ಕಾಲದ ಮುಂತಖಬ್ ಪತ್ರಗಳು ಉರ್ದು, ಪಾರಸಿಗಳಲ್ಲಿವೆ. ಅವನ್ನು ಓದಬಲ್ಲವರು ಕಮಿಟಿಗಳಲ್ಲಿ ಎಷ್ಟು ಜನ ಎಂದು ಕೇಳಿದರೆ ಬೇಸರವಾಗುತ್ತದೆ. ತನ್ನ ಕೈಲಿರುವ ಅಮಾನತ್ತಿನ ಎಲ್ಲೆ ಎಲ್ಲಿದೆಯೆಂದೇ ತಿಳಿಯದವನು ಅದನ್ನು ಕಾಯುವುದಾದರೂ ಹೇಗೆ?

2012ರ ಮಾರ್ಚ್‌ನಲ್ಲಿ ರಾಜ್ಯ ಅಲ್ಪಸಂಖ್ಯಾತರ ಆಯೋಗದ ಆಗಿನ ಅಧ್ಯಕ್ಷ ಅನ್ವರ್ ಮಾಣಿಪ್ಪಾಡಿಯವರು ಸರಕಾರಕ್ಕೆ ಒಂದು ವರದಿ ಸಲ್ಲಿಸಿದರು. ರಾಜ್ಯದ ಸುಮಾರು 54 ಸಾವಿರ ಎಕರೆ ವಕ್ಫ್ ಭೂಮಿಯಲ್ಲಿ 27 ಸಾವಿರ ಎಕರೆಯಷ್ಟು ಅಕ್ರಮವಾಗಿ ಪರರ ಪಾಲಾಗಿದೆ ಎಂಬುದು ಅದರ ಸಾರಾಂಶ. ಆ ಅಂಕಿಗಳ ಬಗ್ಗೆ, ಅದರಲ್ಲಿ ಬಂದ ಹೆಸರುಗಳ ಬಗ್ಗೆ ಅಂದಿನಿಂದಲೂ ವಾದ-ವಿವಾದ ನಡೆದಿದೆ. ರಾಜಕೀಯವನ್ನು ಪಕ್ಕಕ್ಕಿಡೋಣ. ಪ್ರತಿಯೊಂದು ಮಸೀದಿಯಲ್ಲೂ ಯಾವ ಸರ್ವೆ ನಂಬರು, ಎಷ್ಟು ಗುಂಟೆ, ಯಾರಿಗೆ ಲಾವಣಿ, ವರ್ಷಕ್ಕೆ ಎಷ್ಟು ಹಣ ಎಂಬ ಒಂದು ಹಾಳೆ ಗೋಡೆಯ ಮೇಲೆ ತೂಗುತ್ತಿದ್ದರೆ ಇಂಥ ವಿವಾದ ಅರ್ಧಕ್ಕರ್ಧ ಹುಟ್ಟುತ್ತಲೇ ಇರಲಿಲ್ಲ. ನಿಜವಾದ ಕಳವನ್ನು ಆ ಹಾಳೆಯೇ ತೋರಿಸಿಕೊಡುತ್ತಿತ್ತು, ಸುಳ್ಳು ಆರೋಪವನ್ನೂ ಅದೇ ತಡೆಯುತ್ತಿತ್ತು.

ಹನಫೀ ಫಿಕ್ಹ್‌ನ ಹಿಂದಿನ ವಿದ್ವಾಂಸರು ಈ ಅಪಾಯವನ್ನು ಬಹಳ ಮೊದಲೇ ಕಂಡಿದ್ದರು. ವಕ್ಫಿನ ಮನೆಯನ್ನು ಒಂದು ವರ್ಷಕ್ಕಿಂತ, ಹೊಲವನ್ನು ಮೂರು ವರ್ಷಕ್ಕಿಂತ ಹೆಚ್ಚು ಕಾಲ ಬಾಡಿಗೆಗೆ ಕೊಡಬಾರದೆಂದು ಅವರು ಹೇಳಿದರು. ಕಾರಣ ಸರಳ. ಬಹುಕಾಲ ಒಬ್ಬನ ಕೈಯಲ್ಲಿದ್ದರೆ ನೋಡುವವರು ಅದನ್ನು ಅವನ ಸೊತ್ತೆಂದೇ ತಿಳಿಯುತ್ತಾರೆ, ಕೊನೆಗೆ ಅವನೇ ಹಾಗೆ ವಾದಿಸುತ್ತಾನೆ. ಮುತವಲ್ಲಿಯು ವಕ್ಫನ್ನು ತನಗೆ ತಾನೇ ಬಾಡಿಗೆಗೆ ಕೊಟ್ಟುಕೊಳ್ಳುವುದನ್ನೂ ಅವರು ತಡೆದರು. ಪೇಟೆಯ ದರಕ್ಕಿಂತ ತೀರ ಕಡಿಮೆಗೆ ಕೊಟ್ಟರೆ ಆ ನಷ್ಟವನ್ನು ಯಾರು ಹೊರಬೇಕೆಂಬ ಚರ್ಚೆಯೂ ಫಿಕ್ಹ್ ಗ್ರಂಥಗಳಲ್ಲಿದೆ. ಈಗ ಮಸೀದಿಯ ಮುಂದಿನ ಅಂಗಡಿಗಳ ಸಾಲನ್ನು ನೆನಪಿಸಿಕೊಳ್ಳಿ. ಪಕ್ಕದ ಖಾಸಗಿ ಮಳಿಗೆಗೆ ಸಾವಿರಾರು ರೂಪಾಯಿ ಬಾಡಿಗೆ, ಮಸೀದಿಯ ಮಳಿಗೆಗೆ ಇಪ್ಪತ್ತು ವರ್ಷದ ಹಿಂದಿನ ದರ, ಅದೂ ನಾಲ್ಕು ತಿಂಗಳ ಬಾಕಿ. ಬಾಡಿಗೆದಾರನು ಕಮಿಟಿಯ ಒಬ್ಬರ ನೆಂಟನಾಗಿದ್ದರೆ ಕೇಳುವವರೇ ಇಲ್ಲ. ಅದೇ ಮಸೀದಿಯ ಪೇಶ್ ಇಮಾಮರ ಸಂಬಳ ಹೆಚ್ಚಿಸುವ ಮಾತು ಬಂದಾಗ ಮಾತ್ರ ಆದಾಯವಿಲ್ಲವೆಂಬ ಉತ್ತರ.

ದೇಶದ ಕಾನೂನೂ ಇದನ್ನೇ ಬಯಸುತ್ತದೆ. 1995ರ ವಕ್ಫ್ ಕಾಯ್ದೆಯಂತೆ ಪ್ರತಿಯೊಬ್ಬ ಮುತವಲ್ಲಿಯೂ ಕ್ರಮಬದ್ಧವಾಗಿ ಲೆಕ್ಕವಿಟ್ಟು, ಮಾರ್ಚ್ 31ಕ್ಕೆ ಮುಗಿಯುವ ವರ್ಷದ ಆಯವ್ಯಯವನ್ನು ವಕ್ಫ್ ಮಂಡಳಿಗೆ ಒಪ್ಪಿಸಬೇಕು. 2025ರ ತಿದ್ದುಪಡಿಯ ಹಲವು ಅಂಶಗಳಿಗೆ ಸಮುದಾಯದಲ್ಲಿ ತೀವ್ರ ಆಕ್ಷೇಪವಿದ್ದು, ಅದು ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೂ ಹತ್ತಿದೆ. ಆದರೆ ಲೆಕ್ಕವಿಡುವ ಹೊಣೆಗೆ ಯಾವ ಮುಸ್ಲಿಮನ ಆಕ್ಷೇಪವೂ ಇರಲಾರದು. ನೋಂದಾಯಿತ ಸಂಘಗಳಿಗೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಅನ್ವಯಿಸುತ್ತದೆ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಸೇರಿಸಿ, ಲೆಕ್ಕಪತ್ರವನ್ನು ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. ಹಲವು ಸಂಘಗಳಿಗೆ ಇದು ನೆನಪಾಗುವುದು ಏನಾದರೂ ಸರಕಾರಿ ಅನುದಾನ ಬೇಕಾದಾಗಲೇ.

ಲೆಕ್ಕದಲ್ಲಿ ಇನ್ನೊಂದು ಗೊಂದಲವಿದೆ. ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಈ ಭಾಗದಲ್ಲಿ ಭತ್ತ ಹೆಚ್ಚಿತು. ಸುಗ್ಗಿಯಲ್ಲಿ ಉಶ್ರ್ ಕೊಡುವ ರೈತರೂ ಇದ್ದಾರೆ. ಮಳೆಯ ಬೆಳೆಗೆ ಹತ್ತರಲ್ಲೊಂದು, ಶ್ರಮ-ಖರ್ಚಿನಿಂದ ನೀರು ಹಾಯಿಸಿದ ಬೆಳೆಗೆ ಇಪ್ಪತ್ತರಲ್ಲೊಂದು. ಆ ಚೀಲಗಳು ಮದ್ರಸಾದ ಕೋಣೆಗೆ ಬಂದು ಬೀಳುತ್ತವೆ. ಬಕ್ರೀದಿನ ಚರ್ಮದ ಹಣ, ಫಿತ್ರ್, ಝಕಾತ್, ಶುಕ್ರವಾರದ ಡಬ್ಬಿಯ ಚಿಲ್ಲರೆ ಎಲ್ಲವೂ ಒಂದೇ ಪೆಟ್ಟಿಗೆಗೆ ಸೇರುತ್ತವೆ. ಆಮೇಲೆ ಅದರಿಂದಲೇ ಮಸೀದಿಗೆ ಬಣ್ಣ, ಮೈಕು, ನೀರಿನ ಮೋಟಾರು. ಹನಫೀ ಮದ್ಹಬಿನಲ್ಲಿ ಝಕಾತ್ ಸಂದಾಯವಾಗಬೇಕಾದರೆ ಅದು ಬಡವನ ಒಡೆತನಕ್ಕೆ ಸೇರಬೇಕು. ಗೋಡೆ ಒಡೆಯನಾಗಲಾರದು. ಒಂದು ಪೈಸೆಯನ್ನೂ ಮನೆಗೊಯ್ಯದ ಪ್ರಾಮಾಣಿಕ ಖಜಾಂಚಿಯೂ ಹೀಗೆ ನೂರಾರು ಜನರ ಝಕಾತನ್ನು ಕೆಡಿಸಬಲ್ಲನು. ಬೇರೆ ಬೇರೆ ರಸೀದಿ ಪುಸ್ತಕ, ಬೇರೆ ಬೇರೆ ಖಾತೆ ಬೇಕೆನ್ನುವುದು ಇದಕ್ಕಾಗಿ. 2009ರ ಸೆಪ್ಟೆಂಬರ್ ಕೊನೆಯಲ್ಲಿ ಉತ್ತರ ಕರ್ನಾಟಕವನ್ನು ಮುಳುಗಿಸಿದ ನೆರೆಯಂಥ ಹೊತ್ತಿನಲ್ಲಿ ಹಣ ಒಮ್ಮೆಲೇ ಹರಿದು ಬರುತ್ತದೆ. ಅವಸರವಿದ್ದಾಗ ಬರೆಯುವ ಅಗತ್ಯ ಇನ್ನೂ ಹೆಚ್ಚು.

ಕೇಳುವವರಿಗೂ ಒಂದು ಮಾತು ಹೇಳಬೇಕಾಗಿದೆ. ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ಅವನು ಅಷ್ಟು ತಿಂದ, ಇವನು ಇಷ್ಟು ತಿಂದ ಎನ್ನುವುದು ಲೆಕ್ಕ ಕೇಳುವುದಲ್ಲ. ಅದು ಪರದೂಷಣೆ, ಸತ್ತ ಸೋದರನ ಮಾಂಸ ತಿನ್ನುವುದಕ್ಕೆ ಕುರ್‌ಆನ್ ಹೋಲಿಸಿದ ಪಾಪ. ಕೇಳುವ ಜಾಗ ಸಭೆ. ಹಝ್ರತ್ ಸಅದ್ ಬಿನ್ ಅಬೀವಕ್ಕಾಸ್(ರ) ಸ್ವರ್ಗದ ಸುವಾರ್ತೆ ಪಡೆದ ಹತ್ತು ಮಂದಿಯಲ್ಲಿ ಒಬ್ಬರು. ಅವರು ಕೂಫಾದ ರಾಜ್ಯಪಾಲರಾಗಿದ್ದಾಗ ಕೆಲವರು ಖಲೀಫರಿಗೆ ದೂರಿತ್ತರು. ನಮಾಝ್ ಸರಿಯಾಗಿ ಮಾಡಿಸುವುದಿಲ್ಲ ಎಂಬಲ್ಲಿಯವರೆಗೆ ದೂರು! ಉಮರ್(ರ) ಅವರು ದೂರುದಾರರನ್ನು ಗದರಿಸಿ ಕಳುಹಿಸಲಿಲ್ಲ. ಸಅದ್‌ರನ್ನು ಆ ಸ್ಥಾನದಿಂದ ಇಳಿಸಿ, ಕೂಫಾದ ಮಸೀದಿ ಮಸೀದಿಗೂ ಜನರನ್ನು ಕಳುಹಿಸಿ ವಿಚಾರಿಸಿದರು. ಎಲ್ಲ ಕಡೆ ಪ್ರಶಂಸೆಯೇ ಬಂತು, ಒಬ್ಬನು ಮಾತ್ರ ದೂರಿದನು. ಮುಂದೆ ಮರಣಶಯ್ಯೆಯಲ್ಲಿದ್ದಾಗ ಖಲೀಫರು, ತಾನು ಸಅದ್‌ರನ್ನು ಇಳಿಸಿದ್ದು ಅವರ ಅಸಾಮರ್ಥ್ಯಕ್ಕಾಗಿಯೂ ಅಲ್ಲ, ದ್ರೋಹಕ್ಕಾಗಿಯೂ ಅಲ್ಲವೆಂದು ಎಲ್ಲರೆದುರು ಸಾರಿದರು, ಮುಂದಿನ ಖಲೀಫರನ್ನು ಆರಿಸುವ ಆರು ಮಂದಿಯಲ್ಲಿ ಅವರನ್ನೂ ಸೇರಿಸಿದರು. ವಿಚಾರಣೆ ನಡೆಯದೇ ಇದ್ದಿದ್ದರೆ ಆ ಮಹಾನ್ ಸಹಾಬಿಯ ಹೆಸರಿನ ಮೇಲೆ ಗುಸುಗುಸು ಹಾಗೆಯೇ ಉಳಿಯುತ್ತಿತ್ತು.

ಕೊನೆಗೆ, ಬಹಳ ಮಂದಿ ಗಮನಿಸದ ಒಂದು ಸಂಗತಿ. ಎಷ್ಟೋ ಊರುಗಳಲ್ಲಿ ಜಮಾಅತಿನ ಹಣ ಖಜಾಂಚಿಯ ಸ್ವಂತ ಹೆಸರಿನ ಬ್ಯಾಂಕ್ ಖಾತೆಯಲ್ಲಿರುತ್ತದೆ. ದುರುದ್ದೇಶವೇನೂ ಇಲ್ಲ, ಓಡಾಟ ತಪ್ಪಲೆಂದು ಅಷ್ಟೆ. ಆತ ಒಂದು ರಾತ್ರಿ ಎದೆನೋವಿನಿಂದ ತೀರಿಕೊಂಡರೆ? ಬ್ಯಾಂಕಿನ ದೃಷ್ಟಿಯಲ್ಲಿ ಆ ಹಣ ಆತನದ್ದೇ, ವಾರಸುದಾರರಿಗೆ ಸೇರತಕ್ಕದ್ದು. ಎಷ್ಟು ಅವನದ್ದು, ಎಷ್ಟು ಬಡವರದ್ದು ಎಂದು ಹೇಳಲು ಬರೆದಿಟ್ಟ ಪುಸ್ತಕವಿಲ್ಲ. ಇದ್ದತ್ತಿನಲ್ಲಿ ಕುಳಿತ ಆತನ ಹೆಂಡತಿಯ ಬಾಗಿಲಿಗೆ ಕಮಿಟಿಯವರು ಬಂದು ಹಣ ಕೇಳಬೇಕು, ಆಕೆ ಏನೂ ತಿಳಿಯದೆ ಅಳಬೇಕು, ಊರು ಎರಡು ಪಾಲಾಗಬೇಕು. ಸಂಘದ ಹೆಸರಿನಲ್ಲಿ ಖಾತೆ, ಇಬ್ಬರ ಸಹಿ, ತಿಂಗಳಿಗೊಮ್ಮೆ ಜುಮಾ ಆದ ಮೇಲೆ ಓದಿ ಹೇಳುವ ಜಮಾ-ಖರ್ಚು, ಪದವಿ ಬಿಡುವಾಗ ಸಾಕ್ಷಿಗಳ ಮುಂದೆ ಪುಸ್ತಕ ಮತ್ತು ಬೀಗದ ಕೈಯ ಹಸ್ತಾಂತರ. ಇದಕ್ಕೆ ತಗಲುವುದು ಬ್ಯಾಂಕಿಗೆ ಒಂದು ಓಡಾಟ, ಒಂದು ಗಟ್ಟಿ ರಟ್ಟಿನ ನೋಟ್‌ಬುಕ್. ಬರುವ ರಮಝಾನಿನ ಮೊದಲ ರಸೀದಿ ಹರಿಯುವ ಮುನ್ನ ಇಷ್ಟನ್ನು ಮಾಡಲು ನಮ್ಮ ಕಮಿಟಿಗಳಿಗೆ ಸಮಯವಿದೆ.