‘ಇಂಡಿಕಸ್’ ಎಂಬ ವಿಶೇಷಣ

ಈ ವರ್ಷದ ಸ್ನೇಹ ಸಮ್ಮೇಳನದಲ್ಲಿ ನಾಡಿನ ಬೆಳೆ, ಗಿಡ, ದನಗಳ ಚಿತ್ರಪ್ರದರ್ಶನಕ್ಕೆ ಹೆಸರು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತು. ಕೊಟ್ಟ ಯಾದಿಯಲ್ಲಿ ಮಾವು ‘ಮ್ಯಾಂಜಿಫೆರಾ ಇಂಡಿಕಾ’ ಎಂದೂ ಎಳ್ಳು ‘ಸೆಸಾಮಮ್ ಇಂಡಿಕಮ್’ ಎಂದೂ ಇದ್ದವು. ಎರಡನೆಯದು ಕೈತಪ್ಪೆಂದು ಬಗೆದು ‘ಇಂಡಿಕಾ’ ಎಂದೇ ಬರೆದೆನು. ತಪ್ಪು ನನ್ನದೇ ಎಂದು ಗುರುಗಳು ತಿಳಿಸಿದರು. ಈ ಲೇಖನ ಅದರ ಫಲ.

‘ಇಂಡಿಕಸ್’ ಎಂದರೆ ಲ್ಯಾಟಿನ್ನಿನಲ್ಲಿ ‘ಭಾರತದ’ ಎಂದರ್ಥ. ಆ ಭಾಷೆಯಲ್ಲಿ ವಿಶೇಷಣವು ತನ್ನ ವಿಶೇಷ್ಯದ ಲಿಂಗ, ವಚನ, ವಿಭಕ್ತಿಗಳನ್ನು ಅನುಸರಿಸುವದು. ಅಂತಲೇ ಪುಲ್ಲಿಂಗಕ್ಕೆ ಇಂಡಿಕಸ್, ಸ್ತ್ರೀಲಿಂಗಕ್ಕೆ ಇಂಡಿಕಾ, ನಪುಂಸಕಲಿಂಗಕ್ಕೆ ಇಂಡಿಕಮ್. ಸ್ವೀಡನ್ ದೇಶದ ಲಿನ್ನೇಯಸನು 1753ರಲ್ಲಿ ಮಾವು, ಹುಣಸೆ, ಎಳ್ಳುಗಳಿಗೂ 1758ರಲ್ಲಿ ಹಿಣಿಲುಳ್ಳ ನಮ್ಮ ದನಕ್ಕೂ ಈ ವಿಶೇಷಣವನ್ನೇ ಕೊಟ್ಟನು. ಎತ್ತಾಗಲಿ ಆಕಳಾಗಲಿ ‘ಬಾಸ್ ಇಂಡಿಕಸ್’ ಒಂದೇ; ಏಕೆಂದರೆ ಇಲ್ಲಿ ನೋಡುವದು ಶಬ್ದದ ಲಿಂಗವನ್ನು, ಪ್ರಾಣಿಯದನ್ನಲ್ಲ.

ನಿಯಮ ತಿಳಿಯಿತೆಂದು ಹಿಗ್ಗಿ, ಹುಣಸೆಯ ‘ಟ್ಯಾಮರಿಂಡಸ್ ಇಂಡಿಕಾ’ವನ್ನು ‘ಇಂಡಿಕಸ್’ ಎಂದು ತಿದ್ದಿದೆನು. ಮತ್ತೆ ತಪ್ಪು! ಲ್ಯಾಟಿನ್ನಿನಲ್ಲಿ ಮರಗಳ ಹೆಸರು ‘ಅಸ್’ ಎಂದು ಮುಗಿದರೂ ಸಾಮಾನ್ಯವಾಗಿ ಸ್ತ್ರೀಲಿಂಗ. ಅರಳಿಯ ಮರವೂ ‘ಫೈಕಸ್ ರಿಲಿಜಿಯೋಸಾ’. ಇನ್ನೊಂದು ಮಾತು: ಹುಣಸೆಯ ಮೂಲ ಆಫ್ರಿಕವೆಂದು ಸಸ್ಯಶಾಸ್ತ್ರಜ್ಞರ ಅಭಿಪ್ರಾಯ. ವ್ಯಾಕರಣ ಶುದ್ಧವಿದ್ದ ಮಾತ್ರಕ್ಕೆ ಹೆಸರು ಹೇಳುವದೆಲ್ಲ ಸತ್ಯವಾಗಲಾರದು.

ಈ ಪದ್ಧತಿ ನಮಗೆ ತೀರ ಹೊಸದಲ್ಲ. ಸಂಸ್ಕೃತದಲ್ಲಿ ‘ಸುಂದರಃ, ಸುಂದರೀ, ಸುಂದರಮ್’ ಎಂಬ ಮೂರು ರೂಪಗಳಿವೆ. ಗಡಿಭಾಗದ ನಮ್ಮ ದಡ್ಡಿಯ ಕಡೆಗೆ ಕಿವಿಗೆ ಬೀಳುವ ಮರಾಠಿಯಲ್ಲಿಯೂ ‘ಚಾಂಗಲಾ ಮುಲಗಾ, ಚಾಂಗಲೀ ಮುಲಗೀ, ಚಾಂಗಲೇ ಘರ’ ಎನ್ನುವರು. ಕನ್ನಡದ ದಾರಿ ಬೇರೆ. ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ, ಒಳ್ಳೆಯ ಮನೆ: ವಿಶೇಷಣ ಕದಲುವದಿಲ್ಲ. ಆದರೆ ವಿಶೇಷ್ಯವನ್ನು ಬಿಟ್ಟು ಒಂಟಿಯಾಗಿ ನಿಂತಾಗ ಮಾತ್ರ ಒಳ್ಳೆಯವನು, ಒಳ್ಳೆಯವಳು, ಒಳ್ಳೆಯದು ಎಂದು ಲಿಂಗವನ್ನು ತೋರಿಸುವದು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ವ್ಯಾಕರಣವೆಂದರೆ ಓದಿದವರ ಸೊತ್ತು ಎಂದು ತಿಳಿದಿದ್ದೆನು. ರಜೆಯಲ್ಲಿ ಊರಿಗೆ ಹೋದಾಗ ಅಕ್ಷರ ಕಲಿಯದ ನನ್ನ ತಾಯಿಯ ಮಾತನ್ನು ಲಕ್ಷ್ಯಗೊಟ್ಟು ಕೇಳಿದೆನು. ‘ಒಳ್ಳೇವ, ಒಳ್ಳೇಕಿ, ಒಳ್ಳೇದು’ ಎನ್ನುವಲ್ಲಿ ಅವಳು ಒಮ್ಮೆಯೂ ತಪ್ಪಲಿಲ್ಲ. ಎರಡು ಫಲಕಗಳಲ್ಲಿ ಎರಡು ಸಲ ತಪ್ಪಿದವನು ನಾನು. ನಿಯಮವನ್ನು ಬಾಯಿಪಾಠ ಮಾಡುವದು ಬೇರೆ, ಭಾಷೆಯಲ್ಲಿ ಬಾಳುವದು ಬೇರೆ. ಪರಭಾಷೆಯ ಒಂದು ಸಣ್ಣ ಪ್ರತ್ಯಯ ನನಗೆ ಕಲಿಸಿದ್ದು ಇಷ್ಟು.