ಚೆಂದ ನೋಡಲು ಪುರುಸೊತ್ತು ಯಾರಿಗಿದೆ?



ಕಳೆದ ಭಾನುವಾರ ನಮ್ಮ ಅಧ್ಯಯನ ಬಳಗದಲ್ಲಿ 'ಸತಿ', ಅಂದರೆ ಎಚ್ಚರದ ಅರಿವಿನ ಬಗ್ಗೆ ಮಾತಾಡುತ್ತಾ, ದಾರಿಯಲ್ಲಿ ಕಾಣುವ ಮರ, ಹೂ, ಬೆಳಕನ್ನೂ ಗಮನಿಸಿ ಎಂದು ಹೇಳಿದೆ. ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಅಕ್ಕ ಒಬ್ಬರು ಕೂಡಲೇ ಕೇಳಿದರು: "ಬೆಳಿಗ್ಗೆ ಐದಕ್ಕೆ ಎದ್ದು ಅಡುಗೆ, ಮಕ್ಕಳ ಡಬ್ಬಿ, ಆಮೇಲೆ ಬಸ್ಸು, ಅಲ್ಲಿ ಹೋದರೆ ಟಾರ್ಗೆಟ್. ಚೆಂದ ನೋಡೋದು ಪುರುಸೊತ್ತಿರೋರ ಕೆಲಸ ಅಲ್ವಾ ಮೇಡಂ? ಅದೂ ಅಲ್ಲದೆ ಆಸೆ ಬಿಡಿ ಅಂತ ಬುದ್ಧರೇ ಹೇಳಿದ್ದಾರಲ್ಲ?"

ಎರಡೂ ಒಳ್ಳೆಯ ಪ್ರಶ್ನೆಗಳು. ಎರಡನೆಯದನ್ನು ಮೊದಲು ನೋಡೋಣ.

*ಚೆಂದ ಕಂಡರೆ ಆಸೆಯಾಯಿತೇ?*

ಮಹಾಪರಿನಿಬ್ಬಾಣ ಸುತ್ತ ಬುದ್ಧರ ಕೊನೆಯ ದಿನಗಳನ್ನು ಹೇಳುತ್ತದೆ. ಆಗ ಅವರಿಗೆ 80 ವರ್ಷ. ದೊಡ್ಡ ಕಾಯಿಲೆಯಿಂದ ಆಗಷ್ಟೇ ಚೇತರಿಸಿಕೊಂಡಿದ್ದಾರೆ, ಮೈಯಲ್ಲಿ ಶಕ್ತಿಯಿಲ್ಲ. ವೈಶಾಲಿಯ ಚಾಪಾಲ ಚೈತ್ಯದಲ್ಲಿ ಕುಳಿತು, ಈ ಊರು ಎಷ್ಟು ರಮಣೀಯವಾಗಿದೆ ಎಂದು ಆನಂದನಿಗೆ ಹೇಳುತ್ತಾರೆ. ಅಲ್ಲಿನ ಒಂದೊಂದು ಚೈತ್ಯವನ್ನೂ ಹೆಸರಿಟ್ಟು ಮೆಚ್ಚುತ್ತಾರೆ. ಊರು ಬಿಟ್ಟು ಹೊರಡುವಾಗ ತಿರುಗಿ ನಿಂತು, ಕೊನೆಯ ಸಲ ವೈಶಾಲಿಯನ್ನು ಕಣ್ತುಂಬ ನೋಡುತ್ತಾರೆ.

ತೃಷ್ಣೆಯನ್ನು ಬೇರುಸಹಿತ ಕಿತ್ತವರ ಮಾತು ಇದು. ನೋಡಿ ಸಂತೋಷಪಟ್ಟರು, ಬಿಟ್ಟು ಮುಂದೆ ನಡೆದರು. ಇದು ನನ್ನದಾಗಬೇಕು, ಹೀಗೇ ಉಳಿಯಬೇಕು ಎಂದು ಮನಸ್ಸು ಹಿಡಿದುಕೊಂಡಾಗ ತೃಷ್ಣೆ ಶುರುವಾಗುತ್ತದೆ. ಉದುರುತ್ತಿರುವ ಹೂವನ್ನು ಉದುರುತ್ತಿದೆ ಎಂದು ತಿಳಿದೇ ನೋಡಿದರೆ ಅದು ಅನಿತ್ಯದ ಪಾಠ.

*ಪುರುಸೊತ್ತು ಯಾರದು?*

ಅಕ್ಕನ ಮೊದಲ ಮಾತು ನಿಜ. ಬಿಡುವು ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿಲ್ಲ. ಬಾಬಾಸಾಹೇಬರು 1945ರಲ್ಲಿ ಪ್ರಕಟಿಸಿದ 'ಕಾಂಗ್ರೆಸ್ ಮತ್ತು ಗಾಂಧಿ ಅಸ್ಪೃಶ್ಯರಿಗೆ ಮಾಡಿದ್ದೇನು' ಪುಸ್ತಕದಲ್ಲಿ ಇದೇ ವಾದ ಇದೆ. ಹೊಟ್ಟೆಪಾಡಿನಲ್ಲೇ ದಿನವೆಲ್ಲ ಮುಗಿದುಹೋದರೆ ಮನಸ್ಸು ಬೆಳೆಯಲು ಅವಕಾಶವೇ ಇರುವುದಿಲ್ಲ, ಸಂಸ್ಕೃತಿಗೆ ಬಿಡುವು ಬೇಕೇ ಬೇಕು ಎಂದರು. ಬರೆದು ಸುಮ್ಮನಾಗಲಿಲ್ಲ. ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿ 1946ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದರು. ವರ್ಷವಿಡೀ ನಡೆಯುವ ಕಾರ್ಖಾನೆಗಳಲ್ಲಿ ವಾರಕ್ಕೆ 54 ಗಂಟೆಯಿದ್ದ ದುಡಿಮೆ 48ಕ್ಕೆ ಇಳಿಯಿತು. ಕೆಲಸ ಮುಗಿಸಿ ಇನ್ನೂ ಹಗಲಿರುವಾಗಲೇ ಹೊರಗೆ ಬರುವ ಕಾರ್ಮಿಕರ ಆ ಸಂಜೆ ಬೆಳಕಿನಲ್ಲಿ ಬಾಬಾಸಾಹೇಬರ ಪಾಲಿದೆ.

ಇನ್ನೊಂದು ವಿಷಯ. 'ಜಾತಿ ವಿನಾಶ'ದಲ್ಲಿ (1936) ಅವರು ಇಂದೋರ್ ಕಡೆಯ ಬಲಾಯಿ ಜನರ ಮೇಲೆ ಹೇರಿದ ಕಟ್ಟಳೆಗಳನ್ನು ಎತ್ತಿ ತೋರಿಸುತ್ತಾರೆ. ಬಣ್ಣದ ಅಂಚಿನ ಪಂಚೆ ಉಡಬಾರದು, ಜರಿಯಂಚಿನ ಪೇಟ ಸುತ್ತಬಾರದು, ಹೆಂಗಸರು ಚಿನ್ನ ಬೆಳ್ಳಿ ತೊಡಬಾರದು. ನೀರು, ದಾರಿಯಷ್ಟೇ ಅಲ್ಲ, ಚೆಂದವನ್ನೂ ಜಾತಿ ನಮಗೆ ನಿಷೇಧಿಸಿತ್ತು. ಹಾಗಾಗಿ ಚೆಂದ ನಮ್ಮ ಪಾಲಿಗೆ ಶೋಕಿಯ ಮಾತಲ್ಲ, ಹಕ್ಕಿನ ಮಾತು. ಅಷ್ಟೊಂದು ಕೆಲಸದ ನಡುವೆ ಬಾಬಾಸಾಹೇಬರು ವಯಲಿನ್ ಕಲಿತರು, ದೆಹಲಿಯ ಮನೆಯಲ್ಲಿ ಅಕ್ಕರೆಯಿಂದ ತೋಟ ಬೆಳೆಸಿದರು ಎಂಬುದನ್ನೂ ನೆನಪಿಡೋಣ.

ಪ್ರಶ್ನೆ ಕೇಳಿದ ಅಕ್ಕನಿಗೆ ನೋಡುವ ಕಣ್ಣು ಇಲ್ಲ ಅಂದುಕೊಳ್ಳಬೇಡಿ. ನಮಗೆ ಒಂದೇ ಬಿಳಿ ಎಂದು ಕಾಣುವ ಎರಡು ಬಟ್ಟೆಗಳ ಶೇಡ್ ಬೇರೆ ಅಂತ ಅವರು ದೂರದಿಂದಲೇ ಹೇಳುತ್ತಾರೆ. ಆ ಕಣ್ಣು ದಿನವಿಡೀ ಕಾರ್ಖಾನೆಗೆ ದುಡಿಯುತ್ತದೆ. ದಾರಿಯ ಹತ್ತು ನಿಮಿಷವಾದರೂ ಅದು ಅವರದಾಗಿರಲಿ.

*ದಾರಿಯಲ್ಲೇ ಇದೆ*

ಇದಕ್ಕೆ ಬೇರೆ ಸಮಯ ತೆಗೆದಿಡಬೇಕಾಗಿಲ್ಲ. 1908ರಲ್ಲಿ ಲಾಲ್‌ಬಾಗಿನ ಉಸ್ತುವಾರಿಗೆ ಬಂದ ಜರ್ಮನ್ ಸಸ್ಯತಜ್ಞ ಕ್ರುಂಬಿಗಲ್, ಒಂದು ಬಗೆಯ ಮರದ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಅರಳುವಂತೆ ಬೆಂಗಳೂರಿನ ಬೀದಿಗಳಿಗೆ ಮರಗಳನ್ನು ಆರಿಸಿದರು. ಚಳಿ ಕಳೆಯುವಾಗ ಗುಲಾಬಿ ಬಣ್ಣದ ಟಬೆಬುಯಾ, ಆಮೇಲೆ ಹೊಂಗೆಯ ಎಳೆ ಚಿಗುರು, ಮೇ ತಿಂಗಳಿಗೆ ಕೆಂಪು ಗುಲ್‌ಮೊಹರ್. ಮಲ್ಲೇಶ್ವರದಲ್ಲಿ ದಿನಾ 'ಮಾರ್ಗೋಸಾ ರಸ್ತೆ' ಎನ್ನುತ್ತೇವೆ, ಮಾರ್ಗೋಸಾ ಅಂದರೆ ನಮ್ಮ ಬೇವು ಎಂದು ಎಷ್ಟು ಮಕ್ಕಳಿಗೆ ಗೊತ್ತು?

ನಾನು ಶಾಲೆಗೆ ಮೆಟ್ರೋದಲ್ಲಿ ಹೋಗುತ್ತೇನೆ. ಮೆಜೆಸ್ಟಿಕ್, ಚಿಕ್ಕಪೇಟೆ, ಕೆ.ಆರ್. ಮಾರ್ಕೆಟ್ ತನಕ ಸುರಂಗ. ನ್ಯಾಷನಲ್ ಕಾಲೇಜಿನ ಹತ್ತಿರ ರೈಲು ಮೇಲೇರಿ ಬೆಳಕಿಗೆ ಬರುತ್ತದೆ. ಅಲ್ಲಿಂದ ಲಾಲ್‌ಬಾಗ್ ನಿಲ್ದಾಣದವರೆಗೆ ಫೋನ್ ಬ್ಯಾಗಿನೊಳಗೆ ಹಾಕಿ, ಉಸಿರು ಗಮನಿಸುತ್ತಾ ಮರಗಳ ತಲೆಗಳನ್ನು ನೋಡುತ್ತೇನೆ. ಎರಡು ಮೂರು ನಿಮಿಷ, ಅಷ್ಟೇ. ಆ ದಿನ ತರಗತಿಯಲ್ಲಿ ನನ್ನ ದನಿ ಸ್ವಲ್ಪ ಮೆತ್ತಗಿರುತ್ತದೆ.

*ಹೂವಿನ ಜೊತೆ ಕೈಯನ್ನೂ ನೋಡೋಣ*

ಹೊಂಗೆ ಹೂ ಉದುರುವ ಕಾಲದಲ್ಲಿ ಬಸವನಗುಡಿಯ ರಸ್ತೆಗಳು ಮಂಡಕ್ಕಿ ಚೆಲ್ಲಿದ ಹಾಗೆ ಕಾಣುತ್ತವೆ. ಒಂದು ಬೆಳಿಗ್ಗೆ ಅದನ್ನು ಗುಡಿಸುತ್ತಿದ್ದ ಪೌರಕಾರ್ಮಿಕ ತಾಯಿಯೊಬ್ಬರ ಹತ್ತಿರ, ಎಷ್ಟು ಚೆಂದ ಅಲ್ವಾ ಅಮ್ಮ ಎಂದೆ. "ಚೆಂದಾನೇ ಕಣಮ್ಮ. ಮಳೆ ಬಂದ್ರೆ ರೋಡಿಗೆ ಅಂಟ್ಕೊಂಡ್ಬಿಡ್ತದೆ, ಪೊರಕೆಗೆ ಬರಾಕಿಲ್ಲ" ಎಂದರು. ಚೆಂದ, ಶ್ರಮ ಎರಡನ್ನೂ ಅವರು ಒಟ್ಟಿಗೆ ಕಂಡಿದ್ದರು. ಇರುವುದನ್ನು ಇರುವ ಹಾಗೆ ನೋಡುವುದು ಎಂದರೆ ಇದೇ.

ಥೇರಗಾಥಾದಲ್ಲಿ ಸುನೀತ ಎಂಬ ಭಿಕ್ಷುವಿನ ಗಾಥೆಗಳಿವೆ. ಬಾಡಿದ ಹೂವುಗಳನ್ನು ಎತ್ತಿ ಹಾಕುವುದು ಅವನ ಕೆಲಸವಾಗಿತ್ತು, ಜನ ಅವನನ್ನು ಕೀಳಾಗಿ ಕಾಣುತ್ತಿದ್ದರು. ಹೂವು ಮುಡಿದವರು ಬೇರೆ, ಅದು ಕಸವಾದ ಮೇಲೆ ಹೊತ್ತವನು ಅವನು. ಭಿಕ್ಷುಗಳೊಡನೆ ಬರುತ್ತಿದ್ದ ಬುದ್ಧರನ್ನು ಕಂಡು ಹೆಗಲ ಹೊರೆ ಇಳಿಸಿ ಹತ್ತಿರ ಹೋದ. ಬುದ್ಧರು ಅವನನ್ನು ಸಂಘಕ್ಕೆ ಕರೆದರು. ಬಾಬಾಸಾಹೇಬರು 'ಬುದ್ಧ ಮತ್ತು ಅವರ ಧಮ್ಮ'ದಲ್ಲಿ ಸುನೀತನ ಕಥೆಯನ್ನು ಸೇರಿಸಿದ್ದಾರೆ. ಹೂವನ್ನು ಎಲ್ಲರೂ ನೋಡುತ್ತಿದ್ದರು, ಹೂವು ಹೊತ್ತವನನ್ನು ಬುದ್ಧರು ನೋಡಿದರು. ಧಮ್ಮದ ಉಪಾಸಕರಾದ ನಮ್ಮ ನೋಟವೂ ಅಲ್ಲಿಯವರೆಗೆ ಹೋಗಬೇಕು.

*ಇಂದಿನ ಅಭ್ಯಾಸ*

1. ದಿನಾ ಹೋಗುವ ದಾರಿಯಲ್ಲಿ ಒಂದು ಮರವನ್ನು ಆರಿಸಿಕೊಳ್ಳಿ. ಮೂರು ಉಸಿರಿನಷ್ಟು ಹೊತ್ತು ನೋಡಿ. ಫೋಟೊ ನಾಳೆ ತೆಗೆಯಬಹುದು.
2. ಮನಸ್ಸಿಗೆ ಹಿತವಾದರೆ, ಹಿತವಾಯಿತು ಎಂದು ಗಮನಿಸಿ. ಹಿಡಿದುಕೊಳ್ಳದೆ ಮುಂದೆ ನಡೆಯಿರಿ.
3. ಆ ಬೀದಿಯನ್ನು ಚೊಕ್ಕಟವಾಗಿಟ್ಟವರು ಕಂಡರೆ 'ಅಮ್ಮ', 'ಅಣ್ಣ' ಎಂದು ಮಾತಾಡಿಸಿ.

ಸಂಜೆ ಊಟದ ಹೊತ್ತಿಗೆ ಇಂದು ಏನು ಕಂಡಿರಿ ಎಂದು ಮನೆಯ ಮಕ್ಕಳನ್ನು ಕೇಳಿ. ನಿಮ್ಮದನ್ನೂ ಹೇಳಿ.

ಸರ್ವರಿಗೂ ಮಂಗಳವಾಗಲಿ.
ನಮೋ ಬುದ್ಧಾಯ. ಜೈ ಭೀಮ್. 🙏