ಹಿಮದಿಂದ ಗಾಳಿಗೆ

ಕಾಲಿಗೆ ನೀಳವಾದ ಜಾರುಪಟ್ಟಿಗಳನ್ನು ಕಟ್ಟಿಕೊಂಡು, ಕಡಿದಾದ ಇಳಿಜಾರಿನಲ್ಲಿ ಗಂಟೆಗೆ ಸುಮಾರು 90 ಕಿಲೋಮೀಟರ್ ವೇಗದಿಂದ ಜಾರಿ ಬಂದು, ಅದರ ಅಂಚಿನಿಂದ ಗಾಳಿಗೆ ನೆಗೆಯುವ ಆಟಕ್ಕೆ ಸ್ಕೀ ಜಂಪಿಂಗ್ ಎಂದು ಹೆಸರು. ನೆಗೆದ ದೂರಕ್ಕೂ ನೆಗೆತದ ಅಂದಕ್ಕೂ ಅಂಕಗಳುಂಟು.

ಆಲ್ಪ್ಸ್ ಪರ್ವತಗಳ ನಾಡಾದ ಆಸ್ಟ್ರಿಯಾದಲ್ಲಿ 1986ರಲ್ಲಿ ಹುಟ್ಟಿದ ಥಾಮಸ್ ಮೋರ್ಗನ್‌ಸ್ಟರ್ನ್ 2003ರ ಜನವರಿಯಲ್ಲಿ, ಹದಿನಾರರ ಹರೆಯದಲ್ಲಿಯೇ, ವಿಶ್ವಕಪ್ ಸ್ಪರ್ಧೆಯೊಂದನ್ನು ಗೆದ್ದನು. ಅದೇ ವರ್ಷ ಕಿರಿಯರ ವಿಶ್ವಪ್ರಶಸ್ತಿಯೂ ಅವನದಾಯಿತು. ಆದರೆ ನವೆಂಬರಿನಲ್ಲಿ, ಫಿನ್ಲೆಂಡಿನ ಕೂಸಾಮೋದಲ್ಲಿ, ಅವನು ನೆಗೆದೊಡನೆಯೇ ಗಾಳಿಯಲ್ಲಿ ಮಗುಚಿ ಹಿಮದ ಮೇಲೆ ಅಪ್ಪಳಿಸಿದನು. ನೋಡುತ್ತಿದ್ದವರ ಎದೆ ಝಲ್ಲೆಂದಿರಬೇಕು. ಹುಡುಗನು ಮತ್ತೆ ಅಂಥದೇ ಎತ್ತರಕ್ಕೆ ಏರಿದನು.

2006ರ ಟ್ಯೂರಿನ್ ಒಲಿಂಪಿಕ್ಸ್‌ನಲ್ಲಿ ದೊಡ್ಡ ಇಳಿಜಾರಿನ ಸ್ವರ್ಣಪದಕ ಅವನಿಗೆ ದೊರೆಯಿತು. ತನ್ನ ನಾಡಿನವನೇ ಆದ ಆಂಡ್ರಿಯಾಸ್ ಕೋಫ್ಲರನಿಗಿಂತ ಅವನು ಗಳಿಸಿದ ಹೆಚ್ಚಿನ ಅಂಕವೆಷ್ಟು? ಕೇವಲ 0.1! 2008 ಮತ್ತು 2011ರಲ್ಲಿ ಇಡೀ ಋತುವಿನ ವಿಶ್ವಕಪ್ ಕೂಡ ಅವನ ಕೈಸೇರಿತು.

2014ರ ಜನವರಿಯಲ್ಲಿ ತನ್ನ ನಾಡಿನ ಕುಲ್ಮ್‌ನಲ್ಲಿ ಅಭ್ಯಾಸ ಮಾಡುತ್ತಿದ್ದಾಗ ಬಿದ್ದು, ಅವನ ತಲೆಗೆ ತೀವ್ರವಾದ ಪೆಟ್ಟಾಯಿತು. ಆದರೂ ಮರುತಿಂಗಳೇ ಸೋಚಿಯ ಒಲಿಂಪಿಕ್ಸ್‌ನಲ್ಲಿ ನೆಗೆದು, ತಂಡದೊಡನೆ ರಜತಪದಕವನ್ನು ಪಡೆದನು. ಆ ಸೆಪ್ಟೆಂಬರಿನಲ್ಲಿ, ಇನ್ನೂ ಇಪ್ಪತ್ತೇಳು ವರ್ಷದವನಾಗಿದ್ದಾಗಲೇ, ತಾನಾಗಿ ಜಾರುಪಟ್ಟಿಗಳನ್ನು ಕಳಚಿಟ್ಟನು.